ಎರೆಭೂಮಿಯಲ್ಲಿ ಗಾಲ್ಫ್ ಕಲಿಕೆ

ನಿಲಂಗಾ ಎಂದರೆ ನಮ್ಮ ಓದುಗರಲ್ಲಿ ಹೆಚ್ಚಿನವರು ನಕಾಶೆ ಬಿಡಿಸಿ ಹುಡುಕಬೇಕಾದ ಊರು. ಬೀದರ ಜಿಲ್ಲೆಯ ಭಾಲ್ಕಿಯಿಂದ ಪಶ್ಚಿಮಕ್ಕೆ ಹೊರಟು, ರಾಜ್ಯದ ಗಡಿ ದಾಟಿ, ಔರಾದ ಶಹಾಜನಿಯನ್ನು ಹಾದು ಮುಂದೆ ಹೋದರೆ ಈ ತಾಲೂಕು ಕೇಂದ್ರ ಸಿಗುತ್ತದೆ. ಇಂದು ಇದು ಮಹಾರಾಷ್ಟ್ರದ ಲಾತೂರ ಜಿಲ್ಲೆಗೆ ಸೇರಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ನಿಲಂಗಾ, ಉದಗೀರ, ಅಹಮದಪುರ ಈ ಮೂರು ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಅಂದರೆ ನಮ್ಮ ಅಜ್ಜಂದಿರಿಗೆ ಜಿಲ್ಲಾ ಕಚೇರಿ ಬೀದರ, ರಾಜಧಾನಿ ಹೈದರಾಬಾದ್. ಅದಕ್ಕೇ ಇಂದಿಗೂ ಇಲ್ಲಿ ಸಂತೆಯಲ್ಲಿ ಮರಾಠಿ, ಎಷ್ಟೋ ಮನೆಗಳೊಳಗೆ ಕನ್ನಡ, ಹಳೆಯ ಜಮೀನಿನ ಕಾಗದಗಳಲ್ಲಿ ಉರ್ದು.

ಊರಿಗೆ ಬಂದವರಿಗೆ ತೋರಿಸಲು ನಮ್ಮಲ್ಲಿ ಹೇಮಾಡಪಂತಿ ಶೈಲಿಯ ನೀಲಕಂಠೇಶ್ವರ ದೇವಾಲಯವಿದೆ. ಸ್ವಲ್ಪ ದೂರ ಹೋದರೆ ಖರೋಸಾದ ಗುಹೆಗಳಿವೆ. ಹಸಿದು ಬಂದವರಿಗೆ ಖಾರದ ‘ನಿಲಂಗಾ ರೈಸ್’ ಇದೆ. ಇದರ ಹೆಸರು ಲಾತೂರ, ಪುಣೆಯವರೆಗೂ ಹಬ್ಬಿದೆ. ಸುತ್ತಲೂ ತೊಗರಿ, ಸೋಯಾಬೀನ್, ಕಡಲೆ, ಬಿಳಿಜೋಳ ಬೆಳೆಯುವ ಎರೆಭೂಮಿ. ಗಾಲ್ಫ್ ಮೈದಾನ ಮಾತ್ರ ಇಲ್ಲ. ಆದರೂ ಕಳೆದ ಎರಡು ಬೇಸಿಗೆಗಳಲ್ಲಿ ನಾವು ಇಲ್ಲಿಯೇ ಗಾಲ್ಫ್ ಕಲಿಯುತ್ತಿದ್ದೇವೆ. ಅದರ ಕಥೆಯನ್ನು ನಮ್ಮ ಕುಟುಂಬಗಳ ಓದುಗರೊಂದಿಗೆ ಹಂಚಿಕೊಳ್ಳುವ ಆಸೆ.

ನಾವು ಎಂದರೆ ಐದು ಜನ. ಇಬ್ಬರು ಅಣ್ಣತಮ್ಮಂದಿರು, ಅವರ ಮನೆಯವರು, ಪಕ್ಕದ ಮನೆಯ ನಿವೃತ್ತ ಮಾಸ್ತರರು. ನಮ್ಮಲ್ಲಿ ಕಿರಿಯರಿಗೆ 48 ವರ್ಷ, ಹಿರಿಯರಿಗೆ 63. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಿರಿಯ ಮಗ ದೀಪಾವಳಿ ರಜೆಗೆ ಬರುವಾಗ ಯಾರೋ ಆಡಿ ಬಿಟ್ಟುಕೊಟ್ಟ ಕೋಲುಗಳ ಒಂದು ಚೀಲ ತಂದು ಮೂಲೆಯಲ್ಲಿ ನಿಲ್ಲಿಸಿದ. “ಡಾಕ್ಟರು ನಡೀರಿ ಅಂದ್ರೂ ನೀವು ನಡೆಯೋದಿಲ್ಲ. ಇದರ ಹಿಂದಾದ್ರೂ ನಡೀರಿ” ಎಂದ. ಸಕ್ಕರೆ ಕಾಯಿಲೆ ಮನೆಯಲ್ಲಿ ಇಬ್ಬರಿಗಿದೆ. ಹಾಗೆ ಶುರುವಾಯಿತು.

ಆಡದೆ ಕಳೆದ ವಯಸ್ಸು

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ಮಾಸ್ತರರು ಮೊದಲ ದಿನವೇ ಹೇಳಿದರು. ಆದರೆ ನಮ್ಮ ಕಡೆಯ ಈ ತಲೆಮಾರಿನವರು ಗಿಡವಾಗಿದ್ದಾಗ ಏನು ಮಾಡುತ್ತಿದ್ದರು ಎಂಬುದನ್ನೂ ನೋಡಬೇಕು. ಚಿಕ್ಕವರಿದ್ದಾಗ ಚಿಣಿಪಣಿ ಆಡಿದ್ದೇವೆ; ಮರಾಠಿಯವರು ವಿಟಿದಾಂಡು ಎನ್ನುವ ಅದೇ ಆಟ. ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಹೊಲ ಕರೆಯಿತು. ಆಮೇಲೆ ಬಂದದ್ದು ಭೂಕಂಪ.

1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷಗಳಿದ್ದವು. ಹಿಂದಿನ ರಾತ್ರಿ ಗಣಪತಿ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದರು. ಕಿಲ್ಲಾರಿ ಮತ್ತು ಸಾಸ್ತೂರ ಸುತ್ತಲಿನ ಊರುಗಳಲ್ಲಿ ದಪ್ಪ ಕಲ್ಲಿನ ಗೋಡೆಗಳು, ಮೇಲಿನ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆ ಕುಸಿದವು. ಸುಮಾರು 10 ಸಾವಿರ ಜನ ತೀರಿಕೊಂಡರು. ಆಗ ನಮ್ಮಲ್ಲಿ ಹೆಚ್ಚಿನವರಿಗೆ ಇಪ್ಪತ್ತರ ಆಸುಪಾಸು. ಮುಂದಿನ ವರ್ಷಗಳು ಕಲ್ಲು ಎತ್ತುವುದರಲ್ಲಿ, ಪತ್ರಾಸಿನ ಗುಡಿಸಲುಗಳಲ್ಲಿ, ಹೊಸ ಮನೆ ಕಟ್ಟುವುದರಲ್ಲಿ ಹೋದವು. ಆಮೇಲೆ ಮಕ್ಕಳ ಶಾಲೆ, ಫೀಸು, ಮದುವೆ. ಆಟ ಎಂದರೆ ಮಕ್ಕಳದ್ದು, ಇಲ್ಲವೇ ಟಿವಿಯಲ್ಲಿ ನೋಡುವುದು ಎಂದಾಗಿತ್ತು. ಹೀಗಾಗಿ ಐವತ್ತರ ಮೇಲೆ ಕೈಯಲ್ಲಿ ಕೋಲು ಹಿಡಿದು ಹೊಲದಲ್ಲಿ ನಿಂತದ್ದು ನಮಗೆ ಬರೀ ವ್ಯಾಯಾಮ ಆಗಿರಲಿಲ್ಲ. ಮೂವತ್ತು ವರ್ಷಗಳ ಮೇಲೆ ಮೊದಲ ಸಲ ನಾವು ಯಾರಿಗೂ ಏನೂ ತಂದುಕೊಡಬೇಕಾಗಿಲ್ಲದ ಒಂದು ಗಂಟೆಯನ್ನು ಕಳೆದೆವು.

ಆಟದ ಪರಿಚಯ

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಇದರ ತವರು ಸ್ಕಾಟ್ಲೆಂಡ್. 1457ರಲ್ಲಿಯೇ ಅಲ್ಲಿನ ಸಂಸತ್ತು, ಜನ ಬಿಲ್ವಿದ್ಯೆ ಬಿಟ್ಟು ಇದರ ಹಿಂದೆ ಹೋಗುತ್ತಿದ್ದಾರೆಂದು ಗಾಲ್ಫನ್ನೂ ಫುಟ್‌ಬಾಲನ್ನೂ ನಿಷೇಧಿಸಿತ್ತು. ಇಂಗ್ಲಿಷರೊಂದಿಗೆ ಅದು ನಮ್ಮ ದೇಶಕ್ಕೆ ಬಂತು. 1829ರಲ್ಲಿ ಆರಂಭವಾದ ಕಲ್ಕತ್ತೆಯ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಬ್ರಿಟಿಷ್ ದ್ವೀಪಗಳ ಹೊರಗಿನ ಅತಿ ಹಳೆಯ ಗಾಲ್ಫ್ ಕ್ಲಬ್. ಬೆಂಗಳೂರು ಗಾಲ್ಫ್ ಕ್ಲಬ್ 1876ರದು.

ಪೂರ್ಣ ಮೈದಾನದಲ್ಲಿ 18 ಕುಳಿಗಳು. ಚೆಂಡಿನ ತೂಕ 45.93 ಗ್ರಾಂ ಮೀರಬಾರದು; ಕುಳಿಯ ಅಗಲ 108 ಮಿಲಿಮೀಟರ್. ಆಟಗಾರ 14ಕ್ಕಿಂತ ಹೆಚ್ಚು ಕೋಲುಗಳನ್ನು ಒಯ್ಯುವಂತಿಲ್ಲ. ಪ್ರತಿ ಕುಳಿಗೆ ಒಳ್ಳೆಯ ಆಟಗಾರನಿಗೆ ಇಷ್ಟು ಹೊಡೆತ ಸಾಕು ಎಂಬ ಲೆಕ್ಕವಿದೆ. ಅದಕ್ಕೆ ‘ಪಾರ್’ ಎನ್ನುತ್ತಾರೆ. 18 ಕುಳಿಗಳಿಗೆ ಒಟ್ಟು ಪಾರ್ ಸಾಮಾನ್ಯವಾಗಿ 72 ಇರುತ್ತದೆ. ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ.

ಇದರಲ್ಲಿ ನಮಗೆ ಬಹಳ ಇಷ್ಟವಾದದ್ದು ‘ಹ್ಯಾಂಡಿಕ್ಯಾಪ್’ ಎಂಬ ಏರ್ಪಾಡು. ಕಲಿಯುವವನಿಗೆ ಅವನ ಶಕ್ತಿ ನೋಡಿ ಹೆಚ್ಚುವರಿ ಹೊಡೆತಗಳನ್ನು ಬಿಟ್ಟುಕೊಡುತ್ತಾರೆ. 2020ರಿಂದ ಜಗತ್ತಿನಾದ್ಯಂತ ಒಂದೇ ಪದ್ಧತಿ ಬಂದಿದೆ. ಅದರಲ್ಲಿ ಹ್ಯಾಂಡಿಕ್ಯಾಪ್‌ನ ಮಿತಿ 54. ಅಂದರೆ ಸುಮಾರಾಗಿ ಪ್ರತಿ ಕುಳಿಗೆ ಮೂರು ಹೊಡೆತ ಹೆಚ್ಚು. ಅರವತ್ತರ ಅಜ್ಜನೂ ಇಪ್ಪತ್ತರ ಮೊಮ್ಮಗನೂ ಒಂದೇ ದಿನ, ಒಂದೇ ಮೈದಾನದಲ್ಲಿ ಸಮನಾಗಿ ಸ್ಪರ್ಧಿಸಬಹುದು. ಇಂಥ ಲೆಕ್ಕ ಬೇರೆ ಆಟಗಳಲ್ಲಿ ಅಪರೂಪ.

ಕೂಳೆ ಹೊಲದ ಪಾಠ

ಫೆಬ್ರವರಿಯಲ್ಲಿ ಕಡಲೆ ರಾಶಿಯಾಗಿ, ಜೋಳ ಕಟಾವಾದ ಮೇಲೆ ನಮ್ಮ ಹೊಲಗಳು ಜೂನ್‌ವರೆಗೆ ಖಾಲಿ ಬಿದ್ದಿರುತ್ತವೆ. ಊರಿಂದ ದೂರ, ರಸ್ತೆಯಿಲ್ಲದ ಬದಿಯಲ್ಲಿ ನಮ್ಮದೇ ಒಂದು ತುಂಡು ಹೊಲವಿದೆ. ಬೆಳಗ್ಗೆ ಆರಕ್ಕೆ ಅಲ್ಲಿಗೆ ಹೋಗಿ ಎಂಟರೊಳಗೆ ಮನೆಗೆ ಬರುತ್ತೇವೆ. ಆಮೇಲೆ ಬಿಸಿಲು ಬಿಡುವುದಿಲ್ಲ.

ಮೊದಲ ವಾರ ದನ ಕಾಯುವ ಹುಡುಗರು ನಿಂತು ನೋಡಿದರು. “ಏನ್ ಹುಡಕಲತ್ತೀರಿ ಕಾಕಾ?” ಎಂದು ಒಬ್ಬ ಕೇಳಿದ. ಚೆಂಡು ಎಂದಾಗ ಅವನಿಗೆ ನಗು ತಡೆಯಲಿಲ್ಲ. ಏಪ್ರಿಲ್‌ನಲ್ಲಿ ಎರೆಭೂಮಿ ಬಿರುಕು ಬಿಡುವುದು ಎಲ್ಲರಿಗೂ ಗೊತ್ತು. ಕೈ ಇಳಿಯುವಷ್ಟು ಅಗಲದ ಬಿರುಕಿನಲ್ಲಿ ಚೆಂಡು ಬಿದ್ದರೆ ಮುಂದಿನ ಮಳೆಗಾಲಕ್ಕೇ ಅದರ ದರ್ಶನ. ಕೊನೆಗೆ ಆ ಹುಡುಗರೇ ಚೆಂಡು ಹುಡುಕಿಕೊಡುವುದರಲ್ಲಿ ನಮಗಿಂತ ಜಾಣರಾದರು. ಈಗ ಅವರೂ ಸರದಿಯಲ್ಲಿ ಹೊಡೆಯುತ್ತಾರೆ.

ಆಟದ ಮೊದಲ ಕಷ್ಟ ಹಿಡಿತ. ಬಲಗೈಯವರು ಎಡಗೈಯನ್ನು ಮೇಲೆ, ಬಲಗೈಯನ್ನು ಕೆಳಗೆ ಹಿಡಿಯಬೇಕು. ಗುದ್ದಲಿ, ಸನಿಕೆ ಹಿಡಿದು ಬೆಳೆದ ಕೈಗಳು ಏನನ್ನು ಹಿಡಿದರೂ ಬಿಗಿಯಾಗಿಯೇ ಹಿಡಿಯುತ್ತವೆ. ಬಿಗಿ ಹಿಡಿದರೆ ತೋಳು ಕಲ್ಲಾಗುತ್ತದೆ, ಕೋಲು ತಿರುಗುವುದಿಲ್ಲ, ಚೆಂಡು ಹೋಗುವುದಿಲ್ಲ.

ಎರಡನೆಯದು ಚೆಂಡನ್ನು ಎತ್ತುವ ಚಟ. ಚಿಣಿಪಣಿಯಲ್ಲಿ ಮೊದಲು ಚಿಣಿಯನ್ನು ಗಾಳಿಗೆ ಎತ್ತಿ ಆಮೇಲೆ ಹೊಡೆಯುತ್ತೇವೆ. ಗಾಲ್ಫ್‌ನಲ್ಲಿ ಎತ್ತುವ ಕೆಲಸ ಕೋಲಿನದು. ಅದರ ಮುಖ ಹಿಂದಕ್ಕೆ ವಾಲಿರುತ್ತದೆ. ಏಳನೆಯ ನಂಬರಿನ ಐರನ್ ಕೋಲಿನಲ್ಲಿ ಆ ಓರೆ ಸುಮಾರು 30 ಡಿಗ್ರಿ ಅಥವಾ ಸ್ವಲ್ಪ ಹೆಚ್ಚು. ಕೋಲು ಕೆಳಮುಖವಾಗಿ ಬಂದು ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಿದರೆ ಆ ಓರೆಯೇ ಚೆಂಡನ್ನು ಆಕಾಶಕ್ಕೆ ಕಳಿಸುತ್ತದೆ. ನಾವು ಎತ್ತಲು ಹೋದರೆ ಚೆಂಡು ನೆಲದ ಮೇಲೇ ಹರಿದುಹೋಗುತ್ತದೆ. ಕೋಲು ಚೆಂಡಿಗೆ ತಾಗಿರುವ ಸಮಯ ಸೆಕೆಂಡಿನ ಎರಡು ಸಾವಿರದ ಒಂದು ಭಾಗ ಮಾತ್ರ. ಅಷ್ಟರಲ್ಲಿ ಕೈಯಿಂದ ತಿದ್ದಲು ಏನೂ ಉಳಿದಿರುವುದಿಲ್ಲ. ಏನಿದ್ದರೂ ಅದಕ್ಕೆ ಮೊದಲೇ ಆಗಬೇಕು.

ಮೂರನೆಯದು ಮೈ. ಈ ವಯಸ್ಸಿನಲ್ಲಿ ಭುಜ ತಿರುಗುತ್ತದೆ, ಸೊಂಟ ತಿರುಗುವುದಿಲ್ಲ. ಅದಕ್ಕಾಗಿ ಮೊದಲ ಹತ್ತು ನಿಮಿಷ ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಗುತ್ತೇವೆ. ಪೂರ್ತಿ ಬೀಸು ಬೇಡ, ಸೊಂಟದಿಂದ ಸೊಂಟದವರೆಗಿನ ಅರ್ಧ ಬೀಸು ಸಾಕು. ಎರಡು ತಿಂಗಳು ಇಷ್ಟೇ ಮಾಡಿದರೆ ಚೆಂಡು ನೇರವಾಗಿ ಹೋಗಲು ಕಲಿಯುತ್ತದೆ.

ಸಾರಿಸಿದ ಅಂಗಳವೇ ಗ್ರೀನ್

ಕುಳಿಯ ಸುತ್ತ ಇರುವ ನುಣುಪು ಹುಲ್ಲಿನ ಜಾಗಕ್ಕೆ ‘ಗ್ರೀನ್’ ಎನ್ನುತ್ತಾರೆ. ಅಲ್ಲಿ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಸೇರಿಸಬೇಕು, ಇದು ‘ಪಟ್’. ಪಾರ್ 72ರ ಲೆಕ್ಕದಲ್ಲಿ ಪ್ರತಿ ಕುಳಿಗೆ ಎರಡು ಪಟ್, ಅಂದರೆ 36 ಹೊಡೆತ ಇದಕ್ಕೇ ಮೀಸಲು. ಅರ್ಧ ಆಟ ಇಲ್ಲೇ ಇದೆ ಎಂದಾಯಿತು. ಇದಕ್ಕೆ ಶಕ್ತಿ ಬೇಡ, ವಯಸ್ಸು ಅಡ್ಡಿಯಲ್ಲ. ಹೊಸಬರು ಕುಳಿಯ ಹತ್ತಿರದಿಂದ ಕಲಿಯುತ್ತ ಹಿಂದಕ್ಕೆ ಹೋಗಬೇಕು ಎಂದು ಗುರುಗಳು ಹೇಳುವುದು ಇದಕ್ಕೇ.

ನಿಲಂಗಾದಲ್ಲಿ ಅಂಥ ಹುಲ್ಲು ಎಲ್ಲಿಂದ ತರುವುದು? ಇಲ್ಲಿ ನಮಗೆ ಹಳೆಯದೊಂದು ಸಂಗತಿ ನೆರವಾಯಿತು. ನಮ್ಮ ದೇಶದ ಒಣ ಪ್ರದೇಶಗಳ ಹಲವು ಮೈದಾನಗಳಲ್ಲಿ ಹಿಂದೆ ಹುಲ್ಲಿನ ಗ್ರೀನ್ ಇರಲೇ ಇಲ್ಲ. ಮರಳಿಗೆ ಎಣ್ಣೆ ಬೆರೆಸಿ, ಹಾಸಿ, ಸಮ ಮಾಡಿ ಅದರ ಮೇಲೆ ಆಡುತ್ತಿದ್ದರು. ಅದಕ್ಕೆ ‘ಬ್ರೌನ್’ ಎಂದೇ ಹೆಸರು. ನಮಗೆ ಎಣ್ಣೆಯೂ ಬೇಕಾಗಲಿಲ್ಲ. ಹಿತ್ತಲ ಅಂಗಳವನ್ನು ವೈನಿಯವರಿಬ್ಬರೂ ಸೆಗಣಿಯಿಂದ ಸಾರಿಸಿದರು. ಅಳತೆಗೆ ಸರಿಯಾದ ಒಂದು ಡಬ್ಬಿಯನ್ನು ನೆಲದಲ್ಲಿ ಹೂತೆವು. ಒಣಗಿದ ಮೇಲೆ ಅದರ ಮೇಲೆ ಚೆಂಡು ಎಷ್ಟು ಚೆನ್ನಾಗಿ ಉರುಳುತ್ತದೆಂದರೆ, ನೆಲದ ಸಣ್ಣ ಇಳಿಜಾರೂ ತಿಳಿಯುತ್ತದೆ.

ಈ ಅಂಗಳದಲ್ಲಿ ಇಂದಿಗೂ ಸೋಲದವರು ಹಿರಿಯ ವೈನಿ. ಇಷ್ಟು ವರ್ಷ ಇದೇ ಅಂಗಳ ಗುಡಿಸಿ, ಸಾರಿಸಿ ಅದರ ಏರುತಗ್ಗು ಅವರಿಗೆ ಬಾಯಿಪಾಠ. “ನೀರು ಹಾಕಿದ್ರ ಯಾವ ಕಡೆ ಹರೀತದ ನೋಡ್ರಿ, ಚೆಂಡೂ ಅದೇ ಕಡೆ ಹೋಗ್ತದ” ಎಂಬುದು ಅವರು ಕೊಟ್ಟ ಪಾಠ. ದೊಡ್ಡ ದೊಡ್ಡ ಆಟಗಾರರು ಗ್ರೀನ್ ಓದುವುದೂ ಹೀಗೆಯೇ ಎಂದು ಆಮೇಲೆ ತಿಳಿಯಿತು.

ಗೋಲ್ಕೊಂಡದ ದಾರಿ

ಮೊದಲ ಬೇಸಿಗೆ ಕಳೆದು ಡಿಸೆಂಬರ್ ಬಂದಾಗ, ನಿಜವಾದ ಗುರುವಿನಿಂದ ಕಲಿಯಬೇಕೆಂಬ ಆಸೆಯಾಯಿತು. ನಮಗೆ ಹತ್ತಿರದ ದೊಡ್ಡ ನಗರ ಹಳೆಯ ರಾಜಧಾನಿ ಹೈದರಾಬಾದೇ. ಔರಾದ ಶಹಾಜನಿ, ಭಾಲ್ಕಿ, ಬೀದರ ದಾಟಿ, ಜಹೀರಾಬಾದಿನಲ್ಲಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಸೇರಿದೆವು. ಬೀದರದಲ್ಲಿ ಇಳಿದು 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸಾ ನೋಡಿ, ಚಹಾ ಕುಡಿದು ಮುಂದೆ ನಡೆದೆವು. ನಮ್ಮ ಕರಿನೆಲ ಬೀದರದಲ್ಲಿ ಕೆಂಪಾಗುತ್ತದೆ. ಹೈದರಾಬಾದ್ ಹತ್ತಿರ ಬಂದಂತೆ ಎಲ್ಲೆಲ್ಲೂ ದುಂಡನೆಯ ಬಂಡೆಗಳು.

ಗೋಲ್ಕೊಂಡ ಕೋಟೆಯ ಈಶಾನ್ಯಕ್ಕೆ ನಯಾ ಕಿಲಾ ಎಂಬ ಭಾಗವಿದೆ. 1656ರಲ್ಲಿ ಔರಂಗಜೇಬನ ಸೈನ್ಯ ಮುತ್ತಿಗೆ ಹಾಕಿದ ಮೇಲೆ, ಕೋಟೆಯನ್ನು ಭದ್ರಪಡಿಸಲು ಅಬ್ದುಲ್ಲಾ ಕುತುಬ್ ಷಾ ಇದನ್ನು ಸೇರಿಸಿ ಕಟ್ಟಿಸಿದ. 1687ರಲ್ಲಿ ಕೋಟೆ ಹೇಗೂ ಬಿತ್ತು. ಇಂದು ಆ ಗೋಡೆಗಳ ಒಳಗೆ ಗಾಲ್ಫ್ ಮೈದಾನವಿದೆ. ‘ಹತಿಯಾನ್’ ಎಂದು ಕರೆಯುವ ಮುದಿ ಬವೊಬಾಬ್ ಮರ ಅಲ್ಲಿಯೇ ಇದೆ. 400 ವರ್ಷಕ್ಕೂ ಹಳೆಯದೆಂದು ಹೇಳುವ ಈ ಮರದ ಕಾಂಡದ ಸುತ್ತಳತೆ ಸುಮಾರು 27 ಮೀಟರ್, ಒಳಗೆ ಟೊಳ್ಳು. ಅದರ ಸುತ್ತ ಹಸಿರು ಹಾಸು, ಅದರ ಮೇಲೆ ಬಿಳಿ ಚೆಂಡು. ಹಳೆಯ ಕೋಟೆಯ ಜಾಗ ಆಟಕ್ಕೆ ಹೋದದ್ದು ಸರಿಯೇ ಎಂದು ಪ್ರಶ್ನಿಸುವವರೂ ಆ ನಗರದಲ್ಲಿದ್ದಾರೆ. ಆ ಪ್ರಶ್ನೆಯೂ ನ್ಯಾಯವೇ.

ನಾವು ಪಾಠ ಕಲಿತದ್ದು ನಗರದ ಇನ್ನೊಂದು ಅಭ್ಯಾಸ ಮೈದಾನದಲ್ಲಿ. ಅಲ್ಲಿ ಒಂದು ಬುಟ್ಟಿ ಚೆಂಡಿಗೆ ಹಣ ಕೊಟ್ಟರೆ ಯಾರೂ ಹೊಡೆಯಬಹುದು. ಕಲಿಸಿದವರು ಹಿಂದೆ ಕ್ಯಾಡಿ, ಅಂದರೆ ಆಡುವವರ ಚೀಲ ಹೊರುವ ಕೆಲಸದಲ್ಲಿದ್ದವರು. ಎರಡು ಹೊಡೆತ ನೋಡಿ, “ಚಾಚಾ, ಹಾಥ್ ಢೀಲಾ ಛೋಡೋ” ಎಂದರು. ಕೈ ಸಡಿಲ ಬಿಡಿ ಎಂದರ್ಥ. ಮೂರು ದಿನದಲ್ಲಿ ಅವರು ಹೇಳಿದ್ದು ಹೆಚ್ಚುಕಡಿಮೆ ಇದೊಂದೇ ಮಾತು. ಮೂರನೆಯ ದಿನ ಅಣ್ಣನವರ ಒಂದು ಚೆಂಡು ಸದ್ದಿಲ್ಲದೆ ಎದ್ದು, ದೂರ ಹೋಗಿ, ಮೆತ್ತಗೆ ಇಳಿಯಿತು. ಕಲ್ಲು ಹೊತ್ತ ಆ ಕೈಗಳನ್ನು ಅವರು ತಾವೇ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಹುಲ್ಲು ಮತ್ತು ನೀರು

ಮರಳಿ ಬರುವಾಗ ಗಾಡಿಯಲ್ಲಿ ಒಂದು ಚರ್ಚೆಯಾಯಿತು. ನಮ್ಮ ಕಡೆಗೂ ಇಂಥದೊಂದು ಹಸಿರು ಮೈದಾನ ಬರಬೇಕೆಂದು ತಮ್ಮ ಹೇಳಿದರು. ಮಾಸ್ತರರು 2016ರ ಏಪ್ರಿಲ್ ನೆನಪಿಸಿದರು. ಸತತ ಬರದಿಂದ ಲಾತೂರಿಗೆ ಕುಡಿಯುವ ನೀರಿಲ್ಲದೆ, ಮೀರಜಿನಿಂದ ರೈಲಿನಲ್ಲಿ ನೀರು ತಂದ ವರ್ಷ ಅದು. ಏಪ್ರಿಲ್ 12ರಂದು ಬಂದ ಮೊದಲ ರೈಲಿನಲ್ಲಿ 10 ಟ್ಯಾಂಕರ್ ಡಬ್ಬಿಗಳು, 5 ಲಕ್ಷ ಲೀಟರ್ ನೀರು. ಆಮೇಲೆ 50 ಡಬ್ಬಿಗಳ ರೈಲುಗಳು ಬಂದವು. ಹದಿನೆಂಟು ಕುಳಿಗಳ ಮೈದಾನಕ್ಕೆ ನೂರು ಎಕರೆಗೂ ಹೆಚ್ಚು ಜಾಗ ಬೇಕು, ಅದರ ಹುಲ್ಲಿಗೆ ಬೇಸಿಗೆಯಿಡೀ ನೀರು ಬೇಕು. ಎಷ್ಟೋ ಮೈದಾನಗಳು ಈಗ ಬಳಸಿದ ನೀರನ್ನು ಶುದ್ಧಮಾಡಿ ಹುಲ್ಲಿಗೆ ಬಿಡುತ್ತವೆ, ಅದು ಒಳ್ಳೆಯದೇ. ಆದರೆ ರೈಲಿನ ನೀರಿಗೆ ಕೊಡ ಹಿಡಿದು ಸಾಲು ನಿಂತ ಜಿಲ್ಲೆಯಲ್ಲಿ ಹುಲ್ಲಿಗೆ ನೀರು ಕೇಳಲು ನಮಗೆ ಬಾಯಿ ಬರಲಿಲ್ಲ. ತಮ್ಮನವರೂ ಸುಮ್ಮನಾದರು. ನಮಗೆ ಕೂಳೆ ಹೊಲ ಸಾಕು, ಸಾರಿಸಿದ ಅಂಗಳ ಸಾಕು ಎಂದು ಅಲ್ಲೇ ಮಾತಾಯಿತು.

ಬೆಂಗಳೂರಿನ ಎರಡು ಉದಾಹರಣೆ

ಇದು ದುಡ್ಡಿದ್ದವರ ಆಟ ಎನ್ನುವವರಿಗೆ ಬೆಂಗಳೂರಿನ ಸಿ. ಮುನಿಯಪ್ಪನವರ ಹೆಸರು ಹೇಳುತ್ತೇವೆ. ಕ್ಯಾಡಿಯಾಗಿ ಇತರರ ಚೀಲ ಹೊತ್ತು, ನೋಡಿ ನೋಡಿಯೇ ಆಟ ಕಲಿತವರು ಅವರು. 2009ರಲ್ಲಿ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ನಡೆದ ಇಂಡಿಯನ್ ಓಪನ್‌ನಲ್ಲಿ, ಕೊರಿಯಾದ ಆಟಗಾರನೊಂದಿಗೆ ಸಮ ಬಂದು, ಪ್ಲೇ-ಆಫ್‌ನಲ್ಲಿ ಗೆದ್ದು ಪ್ರಶಸ್ತಿ ಎತ್ತಿದರು.

ಈ ವಯಸ್ಸಿಗೆ ಏಕೆ ಎನ್ನುವವರಿಗೆ ಅದಿತಿ ಅಶೋಕ್ ಅವರ ಮನೆಯ ಕಥೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿಯ ತಂದೆತಾಯಿಗೆ ಮೊದಲು ಗಾಲ್ಫ್ ಗೊತ್ತಿರಲಿಲ್ಲ. ಮಗು ಐದು ವರ್ಷದವಳಿದ್ದಾಗ, ಕರ್ನಾಟಕ ಗಾಲ್ಫ್ ಸಂಸ್ಥೆಯ ಅಭ್ಯಾಸ ಮೈದಾನ ಕಾಣುವ ಹೋಟೆಲಿನಲ್ಲಿ ತಿಂಡಿ ತಿನ್ನುವಾಗ ಕುತೂಹಲ ಹುಟ್ಟಿ, ಮನೆಯವರು ಅತ್ತ ಹೆಜ್ಜೆ ಹಾಕಿದರು. ಮಗಳ ಜೊತೆಯಲ್ಲಿ ದೊಡ್ಡವರೂ ಆಟ ಅರಿತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಗಳ ಚೀಲ ಹೊತ್ತವರು ತಂದೆ. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಾಯಿ. ಆಗ ವಿಶ್ವ ಶ್ರೇಯಾಂಕದಲ್ಲಿ 200ನೆಯ ಸ್ಥಾನದಲ್ಲಿದ್ದ ಅದಿತಿ ನಾಲ್ಕನೆಯವರಾದರು. ಕಂಚಿಗೆ ಒಂದೇ ಒಂದು ಹೊಡೆತ ಕಡಿಮೆ ಬಿತ್ತು. ಮಗಳ ಪದಕದ ಹೋರಾಟದಲ್ಲಿ ತಾಯಿ ಪಕ್ಕದಲ್ಲೇ ನಡೆದದ್ದು ಎಷ್ಟು ಮನೆಗಳಲ್ಲಿ ಸಾಧ್ಯ? ದೊಡ್ಡವರು ಕಲಿಯಲು ಒಪ್ಪಿದ್ದರಿಂದ ಅದು ಸಾಧ್ಯವಾಯಿತು.

ಹೊಸಬರಿಗೆ ನಾಲ್ಕು ಮಾತು

ನಮ್ಮ ಓದುಗರಲ್ಲಿ ಯಾರಿಗಾದರೂ ಮನಸ್ಸಾದರೆ, ನಮಗೆ ಉಪಯೋಗಕ್ಕೆ ಬಂದ ಕೆಲವು ಮಾತು:

ಹದಿನಾಲ್ಕು ಕೋಲುಗಳನ್ನು ಕೊಳ್ಳಬೇಡಿ. ಒಂದು ಪಟ್ಟರ್, ಒಂದು ಏಳನೆಯ ಐರನ್, ಕುಳಿಯ ಹತ್ತಿರದ ಸಣ್ಣ ಹೊಡೆತಕ್ಕೆ ಒಂದು ವೆಜ್, ಈ ಮೂರು ವರ್ಷಕ್ಕೆ ಸಾಕು. ಬಳಸಿದವು ಸಿಕ್ಕರೆ ಇನ್ನೂ ಒಳ್ಳೆಯದು.

ಅಂಗಳದಲ್ಲಿ ಪಟ್‌ನಿಂದ ಆರಂಭಿಸಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಮಕ್ಕಳನ್ನೂ ಕೂಡಿಸಿಕೊಳ್ಳಿ.

ಮನೆ, ರಸ್ತೆ, ದನಕರು ಇರುವ ಕಡೆ ಪೂರ್ತಿ ಹೊಡೆತ ಬೇಡವೇ ಬೇಡ. ಗಾಲ್ಫ್ ಚೆಂಡು ಕಲ್ಲಿನಷ್ಟೇ ಗಟ್ಟಿ. ಹೊಡೆಯುವವರ ಮುಂದೆ ಯಾರೂ ನಿಲ್ಲಬಾರದು. ಚೆಂಡು ಯಾರ ಕಡೆಗಾದರೂ ಹೋದರೆ “ಫೋರ್!” ಎಂದು ಕೂಗುವುದು ಆಟದ ರೂಢಿ, ನಮ್ಮಲ್ಲಿ “ಸರೀರಿ!” ಎಂದೇ ಕೂಗುತ್ತೇವೆ.

ಬೆನ್ನು, ಮೊಣಕಾಲು, ಎದೆಯ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ಶುರುಮಾಡಿ. ನೀರಿನ ಬಾಟಲಿ, ತಲೆಗೆ ರುಮಾಲು ಮರೆಯಬೇಡಿ.

ಅವಕಾಶ ಸಿಕ್ಕಾಗ ಮೂರು ದಿನವಾದರೂ ಗುರುವಿನ ಕಣ್ಣ ಮುಂದೆ ಆಡಿ. ತಾನು ಹೇಗೆ ನಿಂತಿದ್ದೇನೆ ಎಂಬುದು ತನಗೆ ಕಾಣುವುದಿಲ್ಲ.

ಇಷ್ಟರಲ್ಲಿ ನಮಗೆ ಏನು ದಕ್ಕಿತು ಎಂದು ಕೇಳುತ್ತೀರಿ. ಪೂರ್ತಿ 18 ಕುಳಿಗಳ ಆಟವನ್ನು ನಾವಿನ್ನೂ ಆಡಿಲ್ಲ. ಆದರೆ ಇಬ್ಬರು ದಿನವೂ ಎರಡು ತಾಸು ನಡೆಯುತ್ತಿದ್ದಾರೆ. ಮಾತು ಕಡಿಮೆಯಾಗಿದ್ದ ಅಣ್ಣತಮ್ಮಂದಿರು ಚೆಂಡು ಹುಡುಕುತ್ತ ಜಮೀನಿನ ಬದುವಿನ ಮಾತನ್ನೂ ಮುಗಿಸಿಕೊಂಡಿದ್ದಾರೆ. ಪರೀಕ್ಷೆಯಲ್ಲಿ ಒಂದು ಸಲ ನಪಾಸಾದರೆ ಪುಸ್ತಕ ಮುಚ್ಚಿಡುತ್ತಿದ್ದ ಮನೆಯ ಕಿರಿ ಮಗಳು, ಅಪ್ಪ ಇಪ್ಪತ್ತು ಸಲ ಗಾಳಿಗೆ ಬೀಸಿ ಇಪ್ಪತ್ತೊಂದನೆಯ ಸಲ ಮತ್ತೆ ನಿಲ್ಲುವುದನ್ನು ಕಟ್ಟೆಯ ಮೇಲೆ ಕುಳಿತು ನೋಡುತ್ತಾಳೆ. ನಾವು ಅವಳಿಗೆ ಏನನ್ನೂ ಹೇಳಲು ಹೋಗಿಲ್ಲ. ಈ ಸಲ ಮತ್ತೆ ಪರೀಕ್ಷೆಗೆ ಕೂರುತ್ತೇನೆ ಎಂದು ಅವಳೇ ಹೇಳಿದ್ದಾಳೆ.

ಮಿರಗದ ಮಳೆ ಬಿದ್ದರೆ ಹೊಲ ಸೋಯಾಬೀನಿನದು. ಅಲ್ಲಿಯವರೆಗೆ ಬೆಳಗ್ಗೆ ಆರರಿಂದ ಎಂಟರವರೆಗೆ ನಾವು ಅಲ್ಲೇ ಇರುತ್ತೇವೆ. ಈ ದಾರಿಯಾಗಿ ಬರುವವರು ಬನ್ನಿರಿ. ಒಂದು ಕೋಲು ಹೆಚ್ಚಿಗೆ ಇಟ್ಟಿರುತ್ತೇವೆ.